ಅವರು ರಾಮ ಲಕ್ಷ್ಮಣರಾಗಿರಲಿಲ್ಲ

ಇಂದು ಬೆಳಗಿನಿಂದ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪತ್ರದ ಚಿತ್ರ ಹರಿದಾಡುತ್ತಿದೆ. ನೀಲಿ ಇನ್‌ಲ್ಯಾಂಡ್, ನನ್ನ ಅಪ್ಪನ ದುಂಡು ಅಕ್ಷರ. "ಚಿರಂಜೀವಿ ತಮ್ಮನಿಗೆ ಅನೇಕ ಆಶೀರ್ವಾದಗಳು. ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು. ಅಮ್ಮನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ." ಅಲ್ಲಿಗೆ ಮುಗಿಯಿತು. ಕೆಳಗೆ "ರಾಮ ಲಕ್ಷ್ಮಣರಂತೆ ಬಾಳಿದ ಅಣ್ಣ ತಮ್ಮಂದಿರು" ಎಂಬ ಒಕ್ಕಣೆ, ಅದರ ಕೆಳಗೆ ಕೈಮುಗಿದ ಚಿಹ್ನೆಗಳ ಉದ್ದ ಸಾಲು.

ಆ ಪತ್ರವನ್ನು ನಾನು ಪೂರ್ತಿ ಓದಿದ್ದೇನೆ. ಗುಂಪಿಗೆ ಹಾಕಿದವನು ಕೆಳಗಿನ ಮಡಿಕೆಯನ್ನು ಹಿಂದಕ್ಕೆ ಮಡಚಿ ಚಿತ್ರ ತೆಗೆದಿದ್ದಾನೆ. ಎಣ್ಣೆಯ ಮಾತಿನ ನಂತರದ ಸಾಲು ಇದು: "ಎಣ್ಣೆಯ ಹಣವನ್ನೂ ನಿನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊ. ಕಾಗದಪತ್ರಗಳಲ್ಲಿ ನಿನಗೆ ಈಗ ಒಳ್ಳೆಯ ಕೈ ಕುದುರಿದೆ." ಅದು 1975. ಆ ಸಾಲಿನ ಹಿಂದೆ ಇಪ್ಪತ್ತು ವರ್ಷಗಳ ಕಥೆ ಇದೆ. ಅದನ್ನು ಮಡಚಿ ಹಿಂದಿಟ್ಟವನು ನನ್ನ ಚಿಕ್ಕಪ್ಪನ ಮಗ, ಪುಣೆಯಲ್ಲಿರುವ ನನ್ನ ತಮ್ಮ. ನನ್ನ ಜೊತೆ ಒಂದೇ ಚಾಪೆಯ ಮೇಲೆ ಕುಳಿತು ಈ ಪತ್ರವನ್ನು ಓದಿದವನು.

ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ವರ್ಷಾಂತಿಕಕ್ಕೆ ಒಂದು ಸ್ಮರಣ ಪುಸ್ತಿಕೆ ತರಬೇಕೆಂದು ಅವನ ಆಸೆ. ಒಳ್ಳೆಯ ಆಸೆಯೇ. ಅದಕ್ಕಾಗಿ ಕುಂದಾಪುರದ ಕಡೆಯ ನಮ್ಮ ಹಳೆಯ ಮನೆಯಿಂದ ಪತ್ರಗಳ ಗಂಟನ್ನು ಮುಂಬೈ ಬಳಿಯ ಡೊಂಬಿವಿಲಿಗೆ ನಮ್ಮ ಮನೆಗೆ ತಂದ. ನಮ್ಮಲ್ಲಿ ಅಪ್ಪನ ಟ್ರಂಕ್ ಇತ್ತು. ನಮ್ಮ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವುದರಿಂದ ಅದನ್ನು ಹೇಗೂ ಇಳಿಸಲೇಬೇಕಿತ್ತು. ಊರಿನ ಗಂಟಿನಲ್ಲಿ ಅಪ್ಪ ಬರೆದವು, ನಮ್ಮ ಟ್ರಂಕಿನಲ್ಲಿ ಅಪ್ಪನಿಗೆ ಬಂದವು. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಎರಡೂ ಒಂದೇ ಕಡೆ ಸೇರಿದ್ದು ಇದೇ ಮೊದಲು.

ಊರಿನ ಪತ್ರಗಳೆಲ್ಲ ತಂತಿಗೆ ಚುಚ್ಚಿದವು. ಮರದ ಬಿಲ್ಲೆಗೆ ನೆಟ್ಟ, ತುದಿ ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ತಂತಿ ಹಳೆಯ ಮನೆಗಳಲ್ಲಿ ಕಂಬಕ್ಕೆ ತೂಗಾಡುತ್ತಿತ್ತಲ್ಲ, ಅದು. ಪ್ರತಿ ಪತ್ರದ ನಡುವೆಯೂ ತುಕ್ಕು ಹಿಡಿದ ಒಂದು ತೂತು, ಅದರ ಸುತ್ತ ಕಂದು ಬಣ್ಣದ ವೃತ್ತ. ಆ ತೂತಿನಲ್ಲಿ ಒಂದೆರಡು ಅಕ್ಷರಗಳು ಹೋಗಿವೆ, ಆದರೂ ಓದಬಹುದು. ಅಪ್ಪ ಒಮ್ಮೊಮ್ಮೆ ತಾರೀಕು ಹಾಕುತ್ತಿರಲಿಲ್ಲ. ಅಂಥವನ್ನು ಅಂಚೆ ಮುದ್ರೆ ನೋಡಿ ಜೋಡಿಸಿದೆವು. ಮುದ್ರೆ ಮಾಸಿದ್ದರೆ ವಿಳಾಸ ನೋಡಿದೆವು. ಬರಿಯ "ಬೊಂಬಾಯಿ 1" ಎಂದಿದ್ದರೆ ಕೋಟೆ (ಫೋರ್ಟ್) ಭಾಗದ ಹೋಟೆಲಿನಲ್ಲಿದ್ದ ಕಾಲದ್ದು. 421201 ಎಂದಿದ್ದರೆ ಡೊಂಬಿವಿಲಿಗೆ ಬಂದ ಮೇಲಿನದು, 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದ ನಂತರದ್ದು. ಹೀಗೆ ಒಂದರ ಪಕ್ಕ ಒಂದು ಇಡುತ್ತ ಹೋದಂತೆ ಇಬ್ಬರು ಅಣ್ಣ ತಮ್ಮಂದಿರು ನಮ್ಮ ಕಣ್ಣೆದುರಿಗೇ ಜಗಳವಾಡತೊಡಗಿದರು. ಅಷ್ಟು ಜೀವಂತವಾಗಿ ಅಪ್ಪನ ದನಿಯನ್ನು ನಾನು ಅವರು ತೀರಿಕೊಂಡ ಮೇಲೆ ಕೇಳಿರಲಿಲ್ಲ.

ಅಜ್ಜ ತೀರಿಹೋದ ಮರುವರ್ಷ, 1954ರಲ್ಲಿ, ಅಪ್ಪನನ್ನು ಊರಿನವರೊಬ್ಬರ ಜೊತೆ ಬೊಂಬಾಯಿಗೆ ಕಳಿಸಿದರು. ಆಗ ಅವರಿಗೆ ಹದಿಮೂರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ರಾತ್ರಿ ಶಾಲೆ, ಆಮೇಲೆ ಬಾಗಿಲು ಹಾಕಿದ ಹೋಟೆಲಿನ ಮೇಜುಗಳನ್ನೇ ಜೋಡಿಸಿಕೊಂಡು ನಿದ್ದೆ. ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳು ಇಂಥ ಎಷ್ಟು ಹುಡುಗರನ್ನು ದಡ ಸೇರಿಸಿದವೆಂದು ಮುಂಬೈ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅಪ್ಪ ಎಸ್ಸೆಸ್ಸಿ ಮುಗಿಸಿದ್ದು ಹಾಗೆ, ಗುಮಾಸ್ತರಾದದ್ದು ಹಾಗೆ. ಚಿಕ್ಕಪ್ಪ ಆಗ ಎಂಟು ವರ್ಷದ ಹುಡುಗ. ಅವರನ್ನು ಊರಿನಲ್ಲೇ ಉಳಿಸಿಕೊಂಡು ಓದಿಸಿದರು. ಗೇಣಿ ಗದ್ದೆ ನೋಡಿಕೊಳ್ಳಲು ಒಬ್ಬ ಗಂಡುಮಗ ಬೇಕಿತ್ತು.

ಅಲ್ಲಿಂದಲೇ ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟದ್ದು. ಹಗಲು ಹೊತ್ತಿನಲ್ಲಿ ಶಾಲೆಗೆ ಹೋಗುವ ತಮ್ಮನ ಮೇಲೆ ಅಪ್ಪನಿಗೆ ಹೊಟ್ಟೆಕಿಚ್ಚು. ಅಮ್ಮನ ಕೈಯ ಊಟ ಅವನಿಗೆ, ಎಂಜಲು ಬಸಿ ನನಗೆ. ಹೀಗೆಂದೇ ಬರೆದಿದ್ದಾರೆ, ಹದಿನಾರನೆಯ ವಯಸ್ಸಿನಲ್ಲಿ. ಚಿಕ್ಕಪ್ಪನಿಗೆ ಬೊಂಬಾಯಿಯ ಮೇಲೆ ಹೊಟ್ಟೆಕಿಚ್ಚು. ಟ್ರಾಮು, ಸಿನೆಮಾ, ಸಮುದ್ರದ ದಂಡೆಯ ದೀಪ, ಇವುಗಳ ನಡುವೆ ಅಣ್ಣ ದಿನವೂ ಓಡಾಡುತ್ತಾನೆಂದು ಅವರ ಕಲ್ಪನೆ. ಮುಂದೆ ದೊಡ್ಡವರಾದ ಮೇಲೆ ಅವರು ಬರೆದ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ: "ನಿಮಗೆ ಮಳೆಗಾಲವೆಂದರೆ ಒಂದು ಕೊಡೆ. ನನಗೆ ಮಳೆಗಾಲವೆಂದರೆ ನಾಲ್ಕು ತಿಂಗಳು ಆರದ ಕಾಲು."

ಈ ಮಾತನ್ನು ಪುಸ್ತಿಕೆಯಲ್ಲಿ ಹಾಕುವುದು ಬೇಡವಂತೆ. ಏಕೆ ಬೇಡ? ಚಿಕ್ಕಪ್ಪನ ಇಡೀ ಬದುಕು ಆ ಎರಡು ವಾಕ್ಯಗಳಲ್ಲಿದೆ. "ಶ್ರಮಜೀವಿ, ಸ್ನೇಹಮಯಿ, ಕುಟುಂಬವತ್ಸಲ" ಎಂದು ಪುಸ್ತಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸುತ್ತಾರಂತೆ. ಯಾವ ಊರಿನ ಯಾವ ಯಜಮಾನ ತೀರಿಕೊಂಡರೂ ಈ ಮೂರು ಮಾತು ಸಲ್ಲುತ್ತದೆ. ಆರದ ಕಾಲು ನನ್ನ ಚಿಕ್ಕಪ್ಪನದು ಮಾತ್ರ.

ಅಂಗಿಯ ವಿಷಯ ಹೇಳುತ್ತೇನೆ. 1966ರಲ್ಲಿ ಚಿಕ್ಕಪ್ಪನಿಗೆ ಒಂದು ಬ್ಯಾಂಕಿನಲ್ಲಿ ಸಂದರ್ಶನ ಇತ್ತು. ಅಪ್ಪ ಊರಿಗೆ ಹೊರಟವರ ಕೈಯಲ್ಲಿ ಒಂದು ಬಿಳಿ ಪಾಪ್ಲಿನ್ ಅಂಗಿ ಕಳಿಸಿದರು. ಕೆಲಸ ಸಿಗಲಿಲ್ಲ. ಚಿಕ್ಕಪ್ಪ ಬರೆದ ಪತ್ರ ನಮ್ಮ ಟ್ರಂಕಿನಲ್ಲಿದೆ. ಒಂದೇ ಪುಟ, ಅಕ್ಷರ ಕಾಗದವನ್ನು ಹರಿಯುವಷ್ಟು ಒತ್ತಿ ಬರೆದದ್ದು. "ಕಾಲರ್ ಮಗುಚಿ ಹೊಲಿಸಿದ ಅಂಗಿ ಎಂದು ಇಸ್ತ್ರಿ ಹಾಕುವಾಗ ಗೊತ್ತಾಯಿತು. ತೊಟ್ಟು ಹಳತಾದದ್ದು ತಮ್ಮನಿಗೆ ಸಾಕು ಎಂದು ತಿಳಿದಿರಿ. ಸಂತೋಷ." ಈ ಪತ್ರವನ್ನು ನಾನು ಹಿಂದೆಯೇ ಓದಿದ್ದೆ, ಅಪ್ಪ ತೀರಿಕೊಂಡ ವರ್ಷ. ಆಗ ಚಿಕ್ಕಪ್ಪನ ಮೇಲೆ ಮೈಯೆಲ್ಲ ಉರಿದಿತ್ತು. ಅಪ್ಪ ಕೊಟ್ಟ ಉತ್ತರ ಈಗ ಊರಿನ ಗಂಟಿನಲ್ಲಿ ಸಿಕ್ಕಿದೆ. "ನನ್ನಲ್ಲಿ ಹೊರಗೆ ತೊಡುವ ಅಂಗಿ ಎರಡು ಇದ್ದವು. ಎರಡರ ಕಾಲರೂ ಮಗುಚಿದ್ದೇ. ಅವುಗಳಲ್ಲಿ ಒಳ್ಳೆಯದನ್ನು ನಿನಗೆ ಕಳಿಸಿದೆ." ಮುಂದೆ ಮತ್ತೊಂದು ಸಾಲು: "ನಿನಗೆ ಕೆಲಸ ಸಿಗದಿದ್ದುದಕ್ಕೆ ಅಂಗಿ ಕಾರಣವಲ್ಲ, ನಿನ್ನ ಇಂಗ್ಲಿಷ್ ಕಾರಣ."

ಇಬ್ಬರಲ್ಲಿ ಯಾರೂ ಸೋಲಲು ಸಿದ್ಧರಿಲ್ಲ. ತನ್ನ ಎರಡು ಅಂಗಿಗಳಲ್ಲಿ ಒಳ್ಳೆಯದನ್ನು ಕೊಟ್ಟ ಅಣ್ಣನೇ, ಅದೇ ಉಸಿರಿನಲ್ಲಿ ತಮ್ಮನ ಇಂಗ್ಲಿಷನ್ನು ಚುಚ್ಚುತ್ತಾನೆ. ಆ ಚುಚ್ಚುಮಾತನ್ನು ತೆಗೆದುಹಾಕಿ ಅಂಗಿಯನ್ನಷ್ಟೇ ತೋರಿಸಿದರೆ ಅಪ್ಪ ಯಾರದೋ ಅಪ್ಪನಾಗುತ್ತಾರೆ. ನನಗೆ ಗೊತ್ತಿರುವ ಅಪ್ಪ ಕೊಟ್ಟದ್ದನ್ನು ಹೇಳಿಕೊಳ್ಳದೆ ಬಿಡುವವರಲ್ಲ, ಹೇಳಿಕೊಂಡೆನೆಂದು ಕೊಡುವುದನ್ನು ನಿಲ್ಲಿಸಿದವರೂ ಅಲ್ಲ.

ಇನ್ನು ಅಪ್ಪನ ತಂಗಿ, ನಮ್ಮ ಅತ್ತೆಯ ವಿಷಯ. ಪುಸ್ತಿಕೆಯ ಕರಡಿನಲ್ಲಿ ಅತ್ತೆ ಒಂದೇ ಸಾಲು: "ಒಬ್ಬಳು ಸಹೋದರಿ, ಮಡಗಾಂವ್." ಇದನ್ನು ಓದಿದಾಗ ನನಗೆ ತಡೆಯಲಾಗದ ಸಿಟ್ಟು ಬಂತು. ಈ ಪತ್ರಗಳಲ್ಲಿ ಅರ್ಧಕ್ಕರ್ಧ ಇರುವುದೇ ಅತ್ತೆಯ ಕೈಬರಹದಲ್ಲಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಹತ್ತು ವರ್ಷ ಬರೆದದ್ದು ಅತ್ತೆ, ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. 1954ರ ಒಂದು ಕಾರ್ಡಿನಲ್ಲಿ, ಐದನೆಯ ತರಗತಿಯ ಹುಡುಗಿಯ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಹೀಗಿದೆ: "ಮಗಳನ್ನು ಈ ವರ್ಷ ಶಾಲೆ ಬಿಡಿಸಿದ್ದೇನೆ. ಮನೆಗೆಲಸಕ್ಕೆ ಜನ ಇಲ್ಲ. ಚಿಕ್ಕವನನ್ನು ಓದಿಸಬೇಕು." ತನ್ನ ಶಾಲೆ ಬಿಡಿಸಿದ ಸುದ್ದಿಯನ್ನು ತಾನೇ ಬರೆದು, ತಾನೇ ಅಂಚೆ ಡಬ್ಬಿಗೆ ಹಾಕಿ ಬಂದ ಹುಡುಗಿ. ಹನ್ನೊಂದು ವರ್ಷ.

ಆದರೆ ಅತ್ತೆಯನ್ನು ಬರಿಯ ಪಾಪದ ಹೆಂಗಸನ್ನಾಗಿ ಮಾಡಬೇಡಿ, ಅದೂ ಅನ್ಯಾಯವೇ. 1961ರ ಒಂದು ಪತ್ರದಲ್ಲಿ ಅಜ್ಜಿ ಹೇಳಿದಂತೆ ಹಸುವಿನ ಸುದ್ದಿ, ಗೇಣಿಯ ಅಕ್ಕಿಮುಡಿಯ ಸುದ್ದಿ ಎಲ್ಲ ಬರೆದು, ಕೊನೆಯಲ್ಲಿ "ತಂಗಿಗೆ ಒಂದು ಒಳ್ಳೆಯ ಫೌಂಟನ್ ಪೆನ್ನು ಕಳಿಸು, ಮರೆಯಬೇಡ" ಎಂದಿದೆ. ಅಪ್ಪ ಕಳಿಸಿದರು. ಅಮ್ಮನ ಅಪ್ಪಣೆಯೆಂದೇ ಭಾವಿಸಿ ಕಳಿಸಿದರು. ಮರುಪತ್ರದ ಅಂಚಿನಲ್ಲಿ ಚಿಕ್ಕಪ್ಪ ಅಡ್ಡಡ್ಡವಾಗಿ ಬರೆದಿದ್ದಾರೆ: "ಶಾಲೆಗೆ ಹೋಗುವವನು ನಾನು. ಪೆನ್ನು ಅಕ್ಕನಿಗೆ. ಇದು ಯಾವ ನ್ಯಾಯ?" ಮೊನ್ನೆ ಮಡಗಾಂವಿಗೆ ಫೋನ್ ಮಾಡಿ ಕೇಳಿದೆ. ಅತ್ತೆಗೆ ಈಗ ಕಿವಿ ಮಂದ, ನೆನಪು ಮಂದವಲ್ಲ. "ಅಮ್ಮ ಹೇಳಿಯೇ ಇರಲಿಲ್ಲ. ಆ ಸಾಲು ನನ್ನದೇ. ಇಬ್ಬರಿಗೂ ಎಲ್ಲ ಸಿಗುತ್ತಿತ್ತು, ಬರೆಯುವ ನನಗೆ ಏನು ಸಿಗುತ್ತಿತ್ತು?" ಎಂದರು. ಒಂದಿಷ್ಟೂ ಅಳುಕಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಫೋನಿನಲ್ಲೇ ಜೋರಾಗಿ ಕೂಗಿಬಿಟ್ಟೆ. ಅಣ್ಣ ತಮ್ಮಂದಿರ ಸ್ಪರ್ಧೆಯಲ್ಲಿ ಮೂರನೆಯವರೊಬ್ಬರು ಇದ್ದರು. ಲೇಖನಿ ಅವರ ಕೈಯಲ್ಲೇ ಇತ್ತು.

1964ರಲ್ಲಿ ಅತ್ತೆಗೆ ಮದುವೆಯಾಗಿ ಗೋವೆಗೆ ಹೋದರು. ಅಲ್ಲಿಂದ ಮುಂದೆ ಅಜ್ಜಿಯ ಮಾತನ್ನು ಬರೆಯುವವರು ಚಿಕ್ಕಪ್ಪ. ಪತ್ರಗಳ ಸ್ವರವೇ ಬದಲಾಗುತ್ತದೆ. "ಅಮ್ಮ ಹೇಳುತ್ತಾರೆ, ಹಣ ಸಾಲದು." "ಅಮ್ಮ ಹೇಳುತ್ತಾರೆ, ಮನೆಗೆ ಹೆಂಚು ಹೊದಿಸದಿದ್ದರೆ ಈ ಮಳೆಗಾಲ ತಡೆಯುವುದಿಲ್ಲ." ಅಪ್ಪನಿಗೆ ಸಂಶಯ. "ಇದು ಅಮ್ಮನ ಮಾತೋ ನಿನ್ನ ಮಾತೋ ತಿಳಿಯುತ್ತಿಲ್ಲ" ಎಂದು ಬರೆದೇಬಿಟ್ಟರು. ಕೊಂಕಣ ರೈಲು 1998ಕ್ಕೆ ಮೊದಲು ಇರಲಿಲ್ಲ, ಊರಿಗೆ ಹೋಗಿ ಕೇಳಿ ಬರೋಣವೆಂದರೆ ರಜೆ ಇಲ್ಲ, ಹಣವೂ ಇಲ್ಲ. ಆಗ ಪಾಪ, ಚಿಕ್ಕಪ್ಪ ಅಜ್ಜಿಯ ಹೆಬ್ಬೆಟ್ಟಿನ ಗುರುತು ಒತ್ತಿಸಿ ಕಳಿಸತೊಡಗಿದರು. ಮಗನಿಗೆ ಬರೆದ ಪತ್ರಕ್ಕೆ ತಾಯಿಯ ಹೆಬ್ಬೆಟ್ಟು, ಕಚೇರಿಯ ಅರ್ಜಿಗೆ ಒತ್ತಿದಂತೆ. ಆ ನೀಲಿ ಗುರುತುಗಳನ್ನು ನೋಡುವಾಗ ಮೂವರ ಮೇಲೂ ಕರುಳು ಚುರ್ ಎನ್ನುತ್ತದೆ.

ಎಲ್ಲಕ್ಕಿಂತ ದೊಡ್ಡ ಗಾಯ ಭೂಮಿಯದು. ತಮ್ಮ ಮುಚ್ಚಿಡಲು ಒದ್ದಾಡುತ್ತಿರುವುದೂ ಅದನ್ನೇ. ಗೇಣಿಗೆ ಉಳುವವನಿಗೇ ಭೂಮಿಯ ಒಡೆತನ ಕೊಡಲು ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಒಕ್ಕಲುಗಳು ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕಿತ್ತು, ಭೂನ್ಯಾಯಮಂಡಳಿ ವಿಚಾರಿಸಿ ತೀರ್ಮಾನಿಸಬೇಕಿತ್ತು. ನಮ್ಮ ಕಡೆ ಇದನ್ನು ಡಿಕ್ಲರೇಷನ್ ಕೊಡುವುದು ಎನ್ನುತ್ತಾರೆ. ಕರಾವಳಿಯಲ್ಲಿ ಎಷ್ಟೋ ಮನೆಗಳು ಅದರಿಂದ ತಲೆಯೆತ್ತಿ ನಿಂತವು, ನಮ್ಮದೂ ನಿಂತಿತು. ಚಿಕ್ಕಪ್ಪ ಡಿಕ್ಲರೇಷನ್ ಕೊಟ್ಟದ್ದು ತಮ್ಮೊಬ್ಬರ ಹೆಸರಿನಲ್ಲಿ. ಅಪ್ಪನಿಗೆ ಅದು ಗೊತ್ತಾದದ್ದು ಊರಿನ ಬೇರೆ ಯಾರದೋ ಪತ್ರದಿಂದ.

ಅಪ್ಪನ ಪತ್ರದಲ್ಲಿ ಕ್ಷೇಮಸಮಾಚಾರವೇ ಇಲ್ಲ, ನೇರ ವಿಷಯ. "ಇಪ್ಪತ್ತು ವರ್ಷ ಗೇಣಿ ಬಾಕಿ ಬೀಳದಂತೆ ನೋಡಿಕೊಂಡದ್ದು ಯಾರ ಮನಿಆರ್ಡರ್? ಬೀಜಕ್ಕೆ, ಎತ್ತಿಗೆ, ನಿನ್ನ ಫೀಸಿಗೆ?" ಚಿಕ್ಕಪ್ಪನ ಉತ್ತರ ಒಂದು ಹದಿನೈದು ದಿನ ಬಿಟ್ಟು ಬಂದಿದೆ. "ಸ್ವಂತ ಸಾಗುವಳಿ ಮಾಡುವವರು ಯಾರು ಎಂದು ಕೇಳುತ್ತಾರೆ. ಅಣ್ಣ ಹಣ ಕಳಿಸುತ್ತಾರೆ ಎಂದು ಬರೆಯಲು ಆ ಫಾರ್ಮಿನಲ್ಲಿ ಜಾಗ ಇಲ್ಲ. ನೀವು ಬಂದು ಗದ್ದೆಗೆ ಇಳಿಯುತ್ತೀರಾದರೆ ನಿಮ್ಮ ಹೆಸರನ್ನೇ ಬರೆಸುತ್ತೇನೆ." ಒಬ್ಬನ ಹೆಸರಿಗೆ ಆದ ಹಕ್ಕು ಅವನೊಬ್ಬನದೋ ಅವಿಭಕ್ತ ಕುಟುಂಬದ್ದೋ ಎಂಬ ಪ್ರಶ್ನೆಯನ್ನು ಹಿಡಿದು ಎಷ್ಟೋ ಅಣ್ಣ ತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಅಪ್ಪ ಹತ್ತಲಿಲ್ಲ. ಪತ್ರ ಬರೆಯುವುದನ್ನು ನಿಲ್ಲಿಸಿದರು.

ಆದರೆ ಹಣ ನಿಲ್ಲಿಸಲಿಲ್ಲ. ಮನಿಆರ್ಡರ್ ಫಾರ್ಮಿನ ಕೆಳಗೆ ನಾಲ್ಕು ಸಾಲು ಬರೆಯಲು ಜಾಗವಿರುವ ಒಂದು ತುಂಡು ಇರುತ್ತಿತ್ತು, ಕೂಪನ್. ಹಣದ ಜೊತೆ ಅಂಚೆಯವನು ಅದನ್ನು ಹರಿದುಕೊಡುತ್ತಿದ್ದ. ಅಜ್ಜಿ ಅವನ್ನೂ ತಂತಿಗೆ ಚುಚ್ಚಿಟ್ಟಿದ್ದರು. 1975ರ ಕೊನೆಯಿಂದ 1977ರ ಮಳೆಗಾಲದವರೆಗಿನ ಕೂಪನ್‌ಗಳು ತಿಂಗಳು ತಪ್ಪದೆ ಇವೆ, ಎಲ್ಲವೂ ಖಾಲಿ. ಅಪ್ಪನ ಹೆಸರು, ವಿಳಾಸ, ಮೊತ್ತ. ಬರೆಯುವ ಜಾಗ ಬಿಳಿ. ಅವನ್ನು ನೆಲದ ಮೇಲೆ ಸಾಲಾಗಿ ಹರಡಿ ನೋಡಿದೆ. ನನ್ನ ಅಪ್ಪನ ಕೋಪ ಎಂಥದೆಂದು ನನಗೆ ಬಾಲ್ಯದಿಂದ ಗೊತ್ತು, ಆದರೆ ಅದು ಇಷ್ಟು ನಿಯಮಿತವಾಗಿ ಮನೆಗೆ ಅಕ್ಕಿ ಬೇಳೆ ತರುತ್ತಿತ್ತೆಂದು ಗೊತ್ತಿರಲಿಲ್ಲ. 1977ರ ಜುಲೈನ ಕೂಪನ್‌ನಲ್ಲಿ ಎರಡೇ ಪದ: "ನಾಟಿ ಮುಗಿಯಿತೇ?" ಅದಕ್ಕೆ ಚಿಕ್ಕಪ್ಪ ಇಡೀ ಇನ್‌ಲ್ಯಾಂಡ್ ತುಂಬ, ಅಂಚುಗಳನ್ನೂ ಬಿಡದೆ, ಉತ್ತರ ಬರೆದಿದ್ದಾರೆ. ಮಳೆ, ಕೂಲಿಯ ದರ, ಬಾವಿ, ಹಸು, ಅಮ್ಮನ ಕಣ್ಣು. ಕೊನೆಗೆ "ನಿಮ್ಮ ಪಾಲಿನ ಕುಚ್ಚಲಕ್ಕಿ ಕಳಿಸುತ್ತೇನೆ, ಬೇಡವೆನ್ನಬಾರದು." ಅಪ್ಪನ ಮರುಪತ್ರ: "ಅಕ್ಕಿ ಬಂತು. ಕಲ್ಲು ಹೆಚ್ಚು."

ಇದನ್ನು ಬಿಟ್ಟು ಎಣ್ಣೆ ಕಳಿಸಿದ್ದೇನೆ ಎಂಬ ಸಾಲನ್ನು ಹಾಕುತ್ತಾರಂತೆ!

ತಮ್ಮನ ವಾದವನ್ನೂ ಹೇಳಬೇಕು. ಸತ್ತವರ ಜಗಳ ಊರಿಗೇಕೆ ಗೊತ್ತಾಗಬೇಕು ಅಕ್ಕಾ, ಅವರು ಒಬ್ಬರಿಗೊಬ್ಬರು ಬರೆದುಕೊಂಡದ್ದು, ನಮಗೆ ಬರೆದದ್ದಲ್ಲವಲ್ಲ ಎನ್ನುತ್ತಾನೆ. ಗುಂಪಿನಲ್ಲಿ ಹಿರಿಯರೂ ಅದನ್ನೇ ಹೇಳಿದರು. ಮನೆಯ ಮಾತು ಹೊಸಿಲು ದಾಟಬಾರದು ಎಂಬುದನ್ನು ನಾನೂ ಕೇಳಿಕೊಂಡೇ ಬೆಳೆದವಳು. ಗದ್ದೆಯ ವಿಷಯ ಹೊರಬಂದರೆ ತನ್ನ ಅಪ್ಪನಿಗೆ ಕೆಟ್ಟ ಹೆಸರು ಬರುತ್ತದೆಂದು ಅವನಿಗೆ ಭಯ, ಆ ಭಯವೂ ಅರ್ಥವಾಗುತ್ತದೆ. ಆದರೆ ಈ ಪತ್ರಗಳ ಕೊನೆಯನ್ನು ನೋಡಿ. ಜಗಳದ ಪತ್ರಗಳಲ್ಲೆಲ್ಲ, ಎರಡೂ ಕಡೆ, "ಓದಿ ಹರಿದುಹಾಕು" "ಓದಿ ಹರಿದುಹಾಕಿರಿ" ಎಂದು ಬರೆದಿದೆ. ಒಂದನ್ನೂ ಇಬ್ಬರೂ ಹರಿದಿಲ್ಲ. ಕ್ಷೇಮಸಮಾಚಾರದ ಎಷ್ಟೋ ಕಾರ್ಡುಗಳು ಕಳೆದುಹೋಗಿವೆ, ಜಗಳದ ಪತ್ರಗಳು ಒಂದೂ ತಪ್ಪದೆ ಇವೆ. ಅಪ್ಪ ಕೋಟೆಯಿಂದ ಡೊಂಬಿವಿಲಿಗೆ, ಡೊಂಬಿವಿಲಿಯಲ್ಲಿ ಬಾಡಿಗೆಯ ಕೋಣೆಯಿಂದ ಸ್ವಂತ ಮನೆಗೆ, ಎಲ್ಲಿಗೆ ಹೋದರೂ ಆ ಟ್ರಂಕನ್ನು ಹೊತ್ತರು. ರದ್ದಿಯವನಿಗೆ ಪತ್ರಿಕೆ ಹಾಕುವಾಗ ಅಮ್ಮ ಆ ಟ್ರಂಕಿನ ಕಡೆ ಕೈಚಾಚಿದರೂ ಅವರು ಸಹಿಸುತ್ತಿರಲಿಲ್ಲ. ಮುಚ್ಚಿಡಬೇಕಾದ್ದೆಂದು ಅವರಿಗೆ ಅನ್ನಿಸಿದ್ದರೆ ಒಂದು ಬೆಂಕಿಕಡ್ಡಿ ಸಾಕಿತ್ತು.

ನಮ್ಮ ಮುಂಬೈ ಕನ್ನಡಿಗರ ಸ್ಮರಣ ಸಂಚಿಕೆಗಳನ್ನು ಓದಿ ಓದಿ ನನಗೆ ಸಾಕಾಗಿದೆ. ಬರಿಗೈಯಲ್ಲಿ ಬಂದರು, ಹೋಟೆಲಿನಲ್ಲಿ ದುಡಿದರು, ರಾತ್ರಿ ಶಾಲೆಯಲ್ಲಿ ಓದಿದರು, ಮೇಲೆ ಬಂದರು, ಊರಿನ ದೇವಸ್ಥಾನಕ್ಕೆ ಕೊಟ್ಟರು. ಎಲ್ಲ ನಿಜ. ಆದರೆ ಬರಿಗೈಯಲ್ಲಿ ಬಂದವನ ಹಿಂದೆ ಊರಿನಲ್ಲಿ ಯಾರು ಉಳಿದರು, ಅವನು ಓದಿದ್ದಕ್ಕೆ ಯಾರ ಓದು ನಿಂತಿತು, ಅವನು ಕಳಿಸಿದ ಹಣದ ಭಾರವನ್ನು ಯಾರು ಯಾರ ತಲೆಯ ಮೇಲೆ ಹೊರಿಸಿದರು, ಇದನ್ನು ಬರೆದ ಒಂದು ಸಂಚಿಕೆಯನ್ನೂ ನಾನು ನೋಡಿಲ್ಲ. ಮನೆಮನೆಯಲ್ಲೂ ಇದು ನಡೆದಿದೆ. ಕಟ್ಟಡಗಳು ಬೀಳುತ್ತಿರುವ ಈ ದಿನಗಳಲ್ಲಿ ಇಂಥ ಟ್ರಂಕುಗಳು ರದ್ದಿಗೆ ಹೋಗುತ್ತಿವೆ. ಉಳಿದವನ್ನೂ ನಾವೇ ಮಡಚಿ ಅರ್ಧ ತೋರಿಸಿದರೆ ಹೇಗೆ?

ಅಣ್ಣ ತಮ್ಮಂದಿರ ಕಾದಾಟವನ್ನು ಮುಚ್ಚಿಡುವ ಸಂಪ್ರದಾಯವಾದರೂ ನಮ್ಮದೇ? ನಮ್ಮ ಉಡುಪಿ ಜಿಲ್ಲೆಯ ಕಾರ್ಕಳದಲ್ಲೇ 1432ರಲ್ಲಿ ನಿಲ್ಲಿಸಿದ ನಲವತ್ತೆರಡು ಅಡಿಯ ಬಾಹುಬಲಿ ಇದ್ದಾನೆ. ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಆಮೇಲೆ ಬಿಟ್ಟುಕೊಟ್ಟವನು. ಯುದ್ಧವನ್ನು ತೆಗೆದುಬಿಟ್ಟರೆ ಆ ತ್ಯಾಗ ಎಲ್ಲಿ ನಿಲ್ಲುತ್ತದೆ? ಕಲ್ಲು ಕಡೆದು ಬೆಟ್ಟದ ಮೇಲೆ ನಿಲ್ಲಿಸಿದವರಿಗೆ ಇಲ್ಲದ ನಾಚಿಕೆ ನಮಗೇಕೆ?

ಇನ್ನೊಂದು ಮಾತು, ಇದನ್ನು ಬರೆಯುವಾಗ ಕೈ ತಡೆಯುತ್ತಿದೆ. ನನಗೂ ನನ್ನ ತಂಗಿಗೂ ಇರುವುದು ಇಂಥದೇ ಸಂಬಂಧ. ಅಪ್ಪನಿಗೆ ಯಾರು ಹೆಚ್ಚು ಎಂಬ ಲೆಕ್ಕ ನಮ್ಮಿಬ್ಬರೊಳಗೂ ಇತ್ತು, ಅಪ್ಪ ಹೋದ ಮೇಲೂ ಇದೆ. ಆಸ್ಪತ್ರೆಯಲ್ಲಿ ರಾತ್ರಿ ಯಾರು ಕುಳಿತರು, ಬಿಲ್ಲು ಯಾರು ಕಟ್ಟಿದರು. ಅವಳು ಇದನ್ನು ಓದುತ್ತಾಳೆ, ಓದಲಿ. ನಮ್ಮ ಜಗಳವೆಲ್ಲ ಫೋನಿನಲ್ಲೇ ನಡೆದದ್ದು, ಒಂದು ಸಾಲೂ ಎಲ್ಲಿಯೂ ಇಲ್ಲ. ನಾಳೆ ನಮ್ಮ ಮಕ್ಕಳ ಕೈಗೆ ಸಿಗುವುದು ಹುಟ್ಟುಹಬ್ಬದ ಶುಭಾಶಯಗಳು, ಹೂವಿನ ಚಿತ್ರಗಳು. ಅವರು ನಮ್ಮಿಬ್ಬರನ್ನೂ ಏನೆಂದು ತಿಳಿದುಕೊಳ್ಳುತ್ತಾರೋ! ಅಪ್ಪ ಮತ್ತು ಚಿಕ್ಕಪ್ಪ ತಮ್ಮ ಮಕ್ಕಳಿಗೆ ತಮ್ಮನ್ನು ಪೂರ್ತಿಯಾಗಿ ಬಿಟ್ಟುಹೋಗಿದ್ದಾರೆ. ಆ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ತಮ್ಮ ಅದನ್ನು ಮಡಚಿಡುತ್ತಿದ್ದಾನೆ ಎಂಬುದೇ ನನ್ನ ಸಂಕಟ.

ತಮ್ಮಾ, ನೀನು ಇದನ್ನು ಓದುತ್ತೀಯೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಅಪ್ಪನಿಗೆ ಕೆಟ್ಟ ಹೆಸರು ಬರುವುದಿಲ್ಲ. ಅಂಗಿಯ ಪತ್ರವನ್ನು, ಡಿಕ್ಲರೇಷನ್ನಿನ ಎರಡೂ ಪತ್ರಗಳನ್ನು, ಖಾಲಿ ಕೂಪನ್‌ಗಳನ್ನು, ಕುಚ್ಚಲಕ್ಕಿಯ ಪತ್ರವನ್ನು ಒಂದರ ಪಕ್ಕ ಒಂದು ಹಾಕು. ಓದಿದವರು ಇಬ್ಬರನ್ನೂ ಹತ್ತಿರದಿಂದ ಕಾಣುತ್ತಾರೆ. 1975ರವರೆಗಿನದನ್ನು ನಾನು ಬೆರಳಚ್ಚು ಮಾಡಿ ಮುಗಿಸಿದ್ದೇನೆ, ಒಂದಕ್ಷರ ಬಿಡದೆ, ತಂತಿಯ ತೂತಿಗೆ ಹೋದ ಕಡೆ ಚುಕ್ಕಿ ಹಾಕಿ. ನೀನು ಪುಣೆಗೆ ಒಯ್ದ ಮುಂದಿನ ಕಟ್ಟನ್ನು ಕಳಿಸು, ಇಲ್ಲವೇ ಎರಡೂ ಬದಿಯ ಚಿತ್ರ ತೆಗೆದು ಕಳಿಸು, ಮಡಿಕೆ ಬಿಡಿಸಿ. ಮತ್ತೆ, ಅತ್ತೆ ಒಂದು ಮಾತು ಹೇಳಲು ಹೇಳಿದ್ದಾರೆ. ಪೆನ್ನಿನ ಪತ್ರ ಪುಸ್ತಿಕೆಯಲ್ಲಿ ಬರಬೇಕು, ಆ ಸಾಲು ಯಾರದೆಂದೂ ಅಚ್ಚಾಗಬೇಕು. ಹಾಗಿಲ್ಲದಿದ್ದರೆ ತನ್ನ ಫೋಟೊ ಹಾಕುವುದು ಬೇಡವಂತೆ, ಮಡಗಾಂವಿನಿಂದ ವರ್ಷಾಂತಿಕಕ್ಕೂ ಬರುವುದಿಲ್ಲವಂತೆ.